ಗೊರವಗಳು ಹೊರಟ ಸಂಜೆ

ದೋಣಿ ಮಗುಚಬಹುದಿತ್ತು. ಮಗುಚಿದರೆ, ಅದರಲ್ಲಿದ್ದ ಮೂವರ ಪೈಕಿ ಈಜು ಬಾರದವನು ನಾನೊಬ್ಬನೇ. ಹಾಗಾಗಿ ಮಾಷ್ಟ್ರನ್ನು ಕಾಯಲು ಹೋದ ನನ್ನನ್ನು ಮಾಷ್ಟ್ರೇ ಎಳೆದು ದಡ ಸೇರಿಸಬೇಕಾಗಿ ಬಂದು, ಆ ಶ್ರಮಕ್ಕೆ ಅವರ ಎದೆ ನಿಂತುಹೋಗಬಹುದಿತ್ತು. ಮಗುಚದಿದ್ದರೂ ಹೊಳೆಯ ನಡುವೆ ಅವರಿಗೆ ಉಬ್ಬಸ ಏರಬಹುದಿತ್ತು. ಅವರನ್ನು ಕೂರಿಸಿ ಒಯ್ಯುವ ಈಜಿಚೇರಿನ ಬಟ್ಟೆ ಹಳತು, ಕೂತಲ್ಲೇ ಹರಿಯಬಹುದಿತ್ತು. ಸೆಕೆಗೆ ಮೋಡ ಕಟ್ಟಿ ಸಿಡಿಲು ಬಡಿಯಬಹುದಿತ್ತು. ಕುದ್ರುವಿನ, ಅಂದರೆ ಹೊಳೆಯ ನಡುಗಡ್ಡೆಯ, ನಾಯಿಗಳು ಹಕ್ಕಿಗಳ ಮೇಲೆ ನುಗ್ಗಬಹುದಿತ್ತು. ಹಕ್ಕಿಗಳು ನಿನ್ನೆಯೇ ಹೊರಟುಹೋಗಿರಬಹುದಿತ್ತು. ಇದೊಂದೂ ಆಗದೆ ಎಲ್ಲ ಸುಸೂತ್ರವಾಗಿ ಮುಗಿದರೂ ಬ್ರಹ್ಮಾವರದ ಕೊನೆಯ ಬಸ್ಸು ತಪ್ಪಿ, ನಾನು ಕುಂದಾಪುರದ ಬಸ್ ಸ್ಟ್ಯಾಂಡಿನಲ್ಲಿ ತೂಕಡಿಸುತ್ತಿರುವಾಗ ಮನೆಯಲ್ಲಿ ನಾನು ಹೊಳೆಪಾಲಾದೆನೆಂದು ಅಳು ಎದ್ದಿರಬಹುದಿತ್ತು.

ಇವನ್ನೆಲ್ಲ ಹರಿದ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಒಟ್ಟು ಹದಿನೇಳು ಬಾಬತ್ತು. ಹೆಂಡತಿ ಓದಿ ನೋಡಿ, "ಹೆದ್ರಿ ಹೆದ್ರಿಯೇ ನೀವ್ ಸಾಯೂದ್ ಒಂದ್ ಬಿಟ್ಟೋಯ್ತ್ ಕಾಣಿ" ಎಂದಳು. ಅದೂ ಸರಿಯೇ ಎನ್ನಿಸಿ ಹದಿನೆಂಟನೆಯದಾಗಿ ಸೇರಿಸಿದೆ.

ಇದೆಲ್ಲ ಆಗಿ ಎರಡು ವರ್ಷವಾಯಿತು. ನನಗೀಗ ನಲವತ್ತೆಂಟು. ಬ್ರಹ್ಮಾವರದ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಹಕ್ಕಿ ನೋಡುವುದು ಎಂಬುದೊಂದು ಕೆಲಸವಿದೆ, ಅದನ್ನು ಮರ್ಯಾದಸ್ತರೂ ಮಾಡಬಹುದು ಎಂದು ನನಗೆ ತೋರಿಸಿಕೊಟ್ಟವರು ಕುಂದಾಪುರದ ಒಬ್ಬ ನಿವೃತ್ತ ಮಾಷ್ಟ್ರು. ಅವರು ನನಗೆ ಪಾಠ ಹೇಳಿದವರಲ್ಲ. ಆದರೆ ತಮಗಿಂತ ಕಿರಿಯರೆಲ್ಲ ತಮ್ಮ ಶಿಷ್ಯರೇ ಎಂಬುದು ಅವರ ಲೆಕ್ಕಾಚಾರವಾದ್ದರಿಂದ, ಮೊದಲ ದಿನವೇ ನಾನು ಅವರ ಬಾಯಲ್ಲಿ 'ನೀನು' ಆಗಿಹೋದೆ.

ನಾವು ನಾಲ್ವರಿದ್ದೆವು. ಗದ್ದೆಯ ಹಕ್ಕಿ ನನ್ನ ಪಾಲು. ಕಡಲ ದಂಡೆ ಮತ್ತು ಒತ್ತಿನೆಣೆ ಗುಡ್ಡದ್ದು ಬೈಂದೂರಿನ ಟೈಲರ್‌ದು. ಹೊಳೆ ಕಡಲು ಸೇರುವ ಅಳಿವೆಯದ್ದು ಮಾಷ್ಟ್ರದು, ಮತ್ತು ಅವರನ್ನು ಕರೆದೊಯ್ಯುತ್ತಿದ್ದ ದೋಣಿಯವನದು. ಈ ದೋಣಿಯವನು ನನ್ನದೇ ಪ್ರಾಯದವನು. ಮೀನು ಹಿಡಿಯುವುದು ಅವನ ಕಸುಬು. ನಮಗೆ ದುರ್ಬೀನಿನಲ್ಲಿ ಕಾಣದ್ದು ಅವನಿಗೆ ಬರಿಗಣ್ಣಿಗೆ ಕಾಣುತ್ತಿತ್ತು. ದುರ್ಬೀನು ಇದ್ದದ್ದೂ ನಾಲ್ವರಿಗೂ ಸೇರಿ ಒಂದೇ. ಟೈಲರ್‌ನ ಅಣ್ಣ ಬೊಂಬಾಯಿಯ ಹೋಟೆಲಿನಿಂದ ಊರಿಗೆ ಬರುವಾಗ ತಂದದ್ದು, ಎಡಗಣ್ಣಿನ ಗಾಜು ಮಸುಕು.

ವಾರದ ಸುದ್ದಿ ಸಾಗುತ್ತಿದ್ದದ್ದು ಬಸ್ಸಿನಲ್ಲಿ. ಏನಾದರೂ ಕಂಡರೆ ಒಂದು ಚೀಟಿ ಬರೆದು ಕಂಡಕ್ಟರನ ಕೈಗೆ ಕೊಡುವುದು. ಆತ ಅದನ್ನು ಕುಂದಾಪುರದ ಬಸ್ ಸ್ಟ್ಯಾಂಡಿನ ಎದುರಿನ ಚಾದಂಗಡಿಯಲ್ಲಿ ಕೊಡುತ್ತಿದ್ದ. ಮಾಷ್ಟ್ರು ಸಂಜೆ ಹೋಗಿ ಚಾ ಕುಡಿದು ಚೀಟಿ ಎತ್ತಿಕೊಳ್ಳುತ್ತಿದ್ದರು. 'ಕೊಯ್ದ ಗದ್ದೆಯಲ್ಲಿ ಹಳದಿ ಸಿಪಿಲೆ ಆರು, ಹೊರಡುವ ಲಕ್ಷಣ.' 'ಒತ್ತಿನೆಣೆಯಲ್ಲಿ ಹೊನ್ನಕ್ಕಿ ಒಂದು ಜೋಡಿ.' 'ನವರಂಗ ಮೂರು ದಿನದಿಂದ ಕೂಗಲಿಲ್ಲ.' ಕಂಡಕ್ಟರ್ ಚೀಟಿ ಓದದೆ ಬಿಟ್ಟವನಲ್ಲ. "ಇವತ್ತ್ ಎಂತ ಹಕ್ಕಿ, ಗುಮಾಸ್ತ್ರೆ? ಫುಲ್ ಟಿಕೇಟಾ, ಹಾಫಾ?" ಎಂದು ಬಸ್ಸಿನ ತುಂಬ ಕೇಳುವಂತೆ ವಿಚಾರಿಸುತ್ತಿದ್ದ. ನಾನು ಹಿಂದಿನ ಸೀಟಿನಲ್ಲಿ ನನ್ನ ಗಿರಣಿಯವರು ಯಾರಾದರೂ ಇದ್ದಾರೆಯೇ ಎಂದು ನೋಡಿಕೊಳ್ಳುತ್ತಿದ್ದೆ.

ಚೀಟಿ ಬಂತೆಂದು ಅದು ಪುಸ್ತಕಕ್ಕೆ ಏರುತ್ತಿರಲಿಲ್ಲ. ಮಾಷ್ಟ್ರ ಬಳಿ ಒಂದು ದಪ್ಪ ಪುಸ್ತಕವಿತ್ತು. ರಾಜ್ಯ ಒಂದಾದ ಮರುವರ್ಷದ ಚೈತ್ರದಲ್ಲಿ ಶುರುಮಾಡಿದ್ದು. ಶಾಲೆಯ ಹಾಜರಿ ಪುಸ್ತಕದಂತೆ ಗೆರೆ ಎಳೆದು ಹಕ್ಕಿಯ ಹೆಸರು, ಎಷ್ಟು, ಎಲ್ಲಿ, ಊರಿನದೋ ಬಂದುಹೋಗುವುದೋ, ಬಂದ ದಿನ, ಹೋದ ದಿನ, ಕಂಡವರ ರುಜು ಎಂದು ಮನೆ ಮಾಡಿದ್ದರು. ತಿಂಗಳಲ್ಲಿ ಎರಡು ಭಾನುವಾರ ನಾವು ಅವರ ಮನೆಯ ಜಗಲಿಯಲ್ಲಿ ಸೇರಿ, ಕಂಡವರು ಕಂಡದ್ದನ್ನು ತಮ್ಮ ಕೈಯಲ್ಲೇ ಬರೆದು ರುಜು ಹಾಕಬೇಕು; ಬರೆಯಲು ಬಾರದ ದೋಣಿಯವನದ್ದು ಮಾತ್ರ ಹೆಬ್ಬೆಟ್ಟು. 'ಅವರು ಹೇಳಿದರು', 'ಇವರು ಕಂಡರಂತೆ' ಎಂಬುದಕ್ಕೆ ಅಲ್ಲಿ ಜಾಗವಿರಲಿಲ್ಲ.

ಒಮ್ಮೆ ನಾನು 'ದೊಡ್ಡ ಬಿಳಿ ಕೊಕ್ಕರೆ, ಒಂಟಿ, ಎರಡು ದಿನದಿಂದ ಅಲುಗಿಲ್ಲ, ಏನೋ ಬೇನೆಯಿರಬೇಕು' ಎಂದು ಚೀಟಿ ಕಳುಹಿಸಿದೆ. ಮೂವರೂ ಬಸ್ಸು ಹತ್ತಿ ಬ್ರಹ್ಮಾವರಕ್ಕೆ ಬಂದರು. ಬೇಲಿ ದಾಟಿ ಹತ್ತಿರ ಹೋಗಿ ನೋಡಿದರೆ ಯಾರದೋ ಬಿಳಿ ಅಂಗಿ ತೊಡಿಸಿದ ಬೆದರುಬೊಂಬೆ. ಮಾಷ್ಟ್ರು ನಗಲಿಲ್ಲ. ಮುಂದಿನ ಭಾನುವಾರ ಪುಸ್ತಕವನ್ನು ನನ್ನ ಮುಂದೆ ಸರಿಸಿ, ಕಂಡದ್ದನ್ನು ಬರೆ ಎಂದರು. 'ಬೆದರುಬೊಂಬೆ, ಒಂದು, ಬ್ರಹ್ಮಾವರ, ಊರಿನದು' ಎಂದು ಬರೆದು ರುಜು ಹಾಕಿದೆ. ಅದು ಇಂದಿಗೂ ಅಲ್ಲಿದೆ.

ಹದಿಮೂರು ವಸಂತಗಳು ಹೀಗೆ ತುಂಬಿದವು. ಊರಿನ ಹಕ್ಕಿಗಳ ತಕರಾರಿರಲಿಲ್ಲ: ಗರುಡ ತೆಂಗಿನ ತಲೆಯಲ್ಲಿ ಗೂಡು ಕಟ್ಟಿತು, ಬೆಳ್ಳಕ್ಕಿಯ ಬೆನ್ನಿಗೆ ಗರಿ ಇಳಿಯಿತು, ಕುಟ್ರು ಕೂಗಿತು. ತೊಂದರೆಯೆಲ್ಲ ಬಂದುಹೋಗುವವುಗಳದ್ದು. ಬಂದ ದಿನ ಪ್ರತಿಯೊಂದಕ್ಕೂ ಇತ್ತು. ಹೋದ ದಿನ ಒಂದಕ್ಕೂ ಇರಲಿಲ್ಲ. ನಿನ್ನೆ ಇದ್ದವು ಇವತ್ತು ಇಲ್ಲ ಎಂಬುದಷ್ಟೇ ನಮಗೆ ಗೊತ್ತಾಗುತ್ತಿದ್ದದ್ದು. ಆ ಮನೆಯನ್ನು ಮಾಷ್ಟ್ರು ಖಾಲಿ ಬಿಡುತ್ತ ಬಂದಿದ್ದರು. ಹೋದದ್ದನ್ನು ಕಂಡವರಿಲ್ಲವಲ್ಲ, ಯಾರು ರುಜು ಹಾಕುವುದು?

ಎಲ್ಲಕ್ಕಿಂತ ಅವರನ್ನು ಕಾಡಿದ್ದು ಗೊರವ. ಕೋಳಿಗಿಂತ ಎತ್ತರದ ಕಂದು ಹಕ್ಕಿ, ಕುಡುಗೋಲಿನಂತೆ ಕೆಳಕ್ಕೆ ಬಾಗಿದ ಉದ್ದ ಕೊಕ್ಕು. ಮಳೆ ಹಿಂದಾದ ಮೇಲೆ ಬಂದು ಅಳಿವೆಯ ಹೊಯಿಗೆ, ಅಂದರೆ ಮರಳಿನ, ದಿಬ್ಬದ ಮೇಲೆ ಚಳಿಗಾಲವೆಲ್ಲ ಇದ್ದು, ಸೌರ ಯುಗಾದಿಯ ಆಚೀಚೆ ಒಂದು ದಿನ ಮಾಯವಾಗುತ್ತಿತ್ತು. ಕೆಲವು ಎಳೆಯವು ಮಳೆಗಾಲದಲ್ಲೂ ಇಲ್ಲೇ ಉಳಿಯುತ್ತಿದ್ದವು. ಅವು ನಪಾಸಾದವು ಎಂದು ಮಾಷ್ಟ್ರು ಹೇಳುತ್ತಿದ್ದರು. ಪಾಸಾಗಿ ಹೋದವಕ್ಕೆ ಹದಿಮೂರು ವರ್ಷದಿಂದ ಟೀಸಿ ಕೊಡದೆ ಕಳಿಸಿದ್ದೇನೆ ಎಂಬುದು ಅವರ ಹಳಹಳಿಕೆ.

ಆ ವರ್ಷ ಮಕರ ತಿಂಗಳಲ್ಲಿ ಅವರ ಕಾಲು ಬಾತುಕೊಂಡಿತು. ಜಗಲಿಯ ಮೆಟ್ಟಿಲು ಹತ್ತಿದರೆ ಮೂರು ಸಲ ನಿಂತು ಉಸಿರು ಎಳೆದುಕೊಳ್ಳಬೇಕಾಯಿತು. ದೊಡ್ಡ ಆಸ್ಪತ್ರೆಗೆ ಕರೆದೊಯ್ದು ತೋರಿಸಿ ಬಂದ ಮಗಳು ನನ್ನನ್ನು ಹೊರಗೆ ಬೇಲಿಯ ದಣಪೆಯ ಹತ್ತಿರ ನಿಲ್ಲಿಸಿ ಹೇಳಿದಳು: ಹೃದಯ ದೊಡ್ಡದಾಗಿದೆ, ಈ ಮಳೆಗಾಲ ದಾಟುವುದು ಕಷ್ಟವಂತೆ, ಅಪ್ಪಯ್ಯನಿಗೆ ಹೇಳಬೇಡಿ. ಒಳಗೆ ಹೋದೆ. ಮಾಷ್ಟ್ರು ಬಾಗಿಲಿನ ಕಡೆ ನೋಡಿ ದನಿ ತಗ್ಗಿಸಿದರು. "ಡಾಕ್ಟ್ರ್ ಅವಳ ಹತ್ರ ಎಲ್ಲ ಹೇಳಿರ್. ನಂಗೆ ಗೊತ್ತಿತ್ತ್ ಅಂದೇಳಿ ಅವ್ಳಿಗೆ ಹೇಳ್ಬೇಡ." ಎರಡು ಗುಟ್ಟು, ಎರಡೂ ಒಂದೇ. ಒಂದು ಗುಟ್ಟನ್ನೇ ಹೊರಲಾರದ ನನ್ನಂಥವನ ತಲೆಯ ಮೇಲೆ ಎರಡನ್ನೂ ಇಟ್ಟರು.

ಆಮೇಲೆ ಹೇಳಿದರು, "ಒಂದ್ ಸಲ ಕಾಣ್ಕಿತ್ತ್. ಗೊರವ ಹೋಪುದನ್ನ."

ಅಷ್ಟೇ. ಕಾಶಿಗೆ ಕರೆದೊಯ್ಯಿ ಎಂದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಕಾಶಿ ಇದ್ದಲ್ಲೇ ಇರುತ್ತದೆ, ರೈಲಿಗೂ ಒಂದು ಹೊತ್ತು ಅಂತ ಇದೆ.

ದಾರಿ ತೋರಿಸಿದವನು ದೋಣಿಯವನು. ಹಾರುವುದಾದರೆ ಅವು ಸಂಜೆಯ ಭರತಕ್ಕೆ, ಅಂದರೆ ನೀರು ಏರಿ ದಿಬ್ಬ ಮುಳುಗುವ ಹೊತ್ತಿಗೆ ಹಾರಬೇಕು, ಎಂದ. ಅಷ್ಟಮಿಯ ಆಸುಪಾಸಿನಲ್ಲಿ ಭರತ ಸಂಜೆಗೆ ಬರುತ್ತದೆ, ಜೋರೂ ಇರುವುದಿಲ್ಲ, ದೋಣಿಗೂ ಸುಲಭ. ದಿಬ್ಬಕ್ಕೆ ಎದುರಾಗಿ ಒಂದು ಕುದ್ರು ಇದೆ. ಅದರ ಪಡುವಣ ತುದಿಯಲ್ಲಿ ಮಾಷ್ಟ್ರನ್ನು ಕೂರಿಸಿದರೆ ಎಲ್ಲ ಕಣ್ಣ ಮುಂದೆಯೇ. ಸೌರ ಯುಗಾದಿ ಕಳೆದು ಅಷ್ಟಮಿ ಹತ್ತಿರವಾಗುವಾಗ ಅವನು ದಿನವೂ ಬಂದು ವರದಿ ಕೊಡತೊಡಗಿದ. ಗೊರವಗಳು ಹೊಟ್ಟೆಬಾಕರಂತೆ ತಿನ್ನುತ್ತಿವೆ, ಬಸುರಿಯರಂತೆ ದಪ್ಪಗಾಗಿವೆ, ಕೂತಲ್ಲಿ ಕೂರುತ್ತಿಲ್ಲ. ಆಮೇಲೆ ಬೈಂದೂರಿನಿಂದ ಚೀಟಿ ಬಂತು. ಮದುವೆ ಬಟ್ಟೆಗಳ ರಾಶಿಯಿಂದ ಏಳಲಾರದೆ ಟೈಲರ್ ಬರೆದಿದ್ದ: 'ನಿನ್ನೆಯವರೆಗೆ ಗೊರವ ಇಪ್ಪತ್ತು. ಇವತ್ತು ಬೆಳಿಗ್ಗೆ ಒಂದೂ ಇಲ್ಲ. ಹೋದದ್ದನ್ನು ಕಾಣಲಿಲ್ಲ. ನೀವಾದರೂ ಕಾಣಿ.'

ಮಾರನೆಯ ದಿನವೇ ಹೊರಡುವುದೆಂದಾಯಿತು. ಗಿರಣಿಯಲ್ಲಿ ಹೊಟ್ಟೆನೋವೆಂದು ರಜೆ ಕೇಳಿದೆ. ಹೆದರಿ ಹೆದರಿ ಅದು ನಿಜವಾಗಿಯೇ ಶುರುವಾಗಿತ್ತು, ಹಾಗಾಗಿ ಸುಳ್ಳೆನ್ನಲಾಗದು.

ಮಗಳು ಒಪ್ಪಲು ಅರ್ಧ ದಿನ ಹಿಡಿಯಿತು. ಕೊನೆಗೆ ಒಪ್ಪಿದ್ದು ನನ್ನಿಂದಾಗಿ ಎಂಬುದನ್ನು ನಾನು ಈಗಲೂ ನುಂಗಿಕೊಳ್ಳಲಾರೆ. "ನೀವ್ ಸಂಗಡ ಇದ್ರೆ ಅಡ್ಡಿಲ್ಲ" ಎಂದಳು. "ಅಪ್ಪಯ್ಯನಿಗೂ ದೋಣಿಯವ್ರಿಗೂ ಹೆದ್ರಿಕಿ ಅಂಬುದಿಲ್ಲ. ಹೆದ್ರುವರ್ ಒಬ್ರಾದ್ರೂ ಇರ್ಕ್ ಅಲ್ದಾ." ನನ್ನ ಈ ಗುಣವನ್ನು ಯಾರಾದರೂ ಕೆಲಸಕ್ಕೆ ಬರುವಂಥದ್ದೆಂದು ಎಣಿಸಿದ್ದು ಅದೊಂದೇ ಸಲ.

ಆ ಪುಸ್ತಕ ಈಗ ನನ್ನ ಬಳಿ ಇದೆ. ಮಿಥುನ ತಿಂಗಳ ಮಳೆಯಲ್ಲಿ ಮಾಷ್ಟ್ರು ಹೋದರು. ಹದಿನಾಲ್ಕು ದಿನ ಕಳೆದ ಮೇಲೆ ಮಗಳು ಅದನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಗೊರವ ಹೋದ ದಿನ ಎಂಬ ಮನೆಯಲ್ಲಿ ಆ ಸಂಜೆಯ ತಾರೀಕು ಇದೆ. ಕಂಡವರು ಎಂಬಲ್ಲಿ ನನ್ನ ರುಜು ಇದೆ, ಪಕ್ಕದಲ್ಲಿ ದೋಣಿಯವನ ಹೆಬ್ಬೆಟ್ಟಿದೆ. ಮೂರನೆಯದಿಲ್ಲ. ನಾನು ಅವರ ಮುಂದೆ ಪೆನ್ನು ಹಿಡಿದು ನಿಂತಿದ್ದೆ, ಅವರು ತೆಗೆದುಕೊಳ್ಳಲಿಲ್ಲ. ಬೇಸರದಿಂದಲ್ಲ, ಹದಿಮೂರು ವರ್ಷ ನಮಗೆ ಹೇಳಿಕೊಟ್ಟದ್ದನ್ನು ತಮಗಾಗಿ ಸಡಿಲಿಸಲಿಲ್ಲ, ಅಷ್ಟೇ. ಅದು ಹೇಗಾಯಿತೆಂದರೆ ಹೀಗೆ.

ಬಿಸಿಲು ಇಳಿಯುವ ಹೊತ್ತಿಗೆ ಕಡವಿಗೆ ಹೋದೆವು. ನಾನೊಂದು ಬದಿ, ದೋಣಿಯವನೊಂದು ಬದಿ ಹಿಡಿದು, ಮಾಷ್ಟ್ರನ್ನು ಈಜಿಚೇರು ಸಮೇತ ದೋಣಿಗೆ ಏರಿಸಿದೆವು. ಕಡವಿನಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳು ಇದೆಂಥ ದಿಬ್ಬಣ ಎಂದು ಕೇಳಿದಳು. ದೋಣಿಯವನು ತಿರುಗಿಯೂ ನೋಡದೆ, "ಮದ್ಮಗ ಮಾಷ್ಟ್ರು. ಹೆಣ್ಣ್ ಕಾಂಬುಕೆ ಹೋಪುದ್" ಎಂದ. ಮಾಷ್ಟ್ರು ನಕ್ಕರು, ನಗು ಕೆಮ್ಮಾಯಿತು, ನಾನು ಬೆನ್ನು ನೀವಿದೆ. ಕೆಮ್ಮು ನಿಂತಿತು. ದೋಣಿ ಹೊರಟಿತು.

ಏನೂ ಆಗಲಿಲ್ಲ. ಹೊಳೆ ಎಣ್ಣೆ ಹೊಯ್ದಂತೆ ಮಲಗಿತ್ತು. ಗಾಳಿ ಬೇಕಾದಷ್ಟೇ ಇತ್ತು. ಮೋಡ ಹೆಸರಿಗೂ ಇರಲಿಲ್ಲ. ಗಂಗೊಳ್ಳಿ ಕಡೆಯ ದೋಣಿಗಳೂ ದೂರದಲ್ಲೇ ಹಾದುಹೋದವು. ಎಣಿಸಿಟ್ಟ ಕೆಡುಕುಗಳಲ್ಲಿ ಒಂದೂ ಬಾರದೆ ಹೋಗುವುದು ನನಗೆ ಅಭ್ಯಾಸವಿಲ್ಲ. ಮುಂದೆ ಏನೋ ದೊಡ್ಡದು ಕಾದಿದೆ ಎಂದು ಇನ್ನಷ್ಟು ಹೆದರಿದೆ.

ಕುದ್ರುವಿನ ತುದಿಯಲ್ಲಿ ನೀರಿಗೆ ನಾಲ್ಕು ಮಾರು ದೂರ ಕುರ್ಚಿ ನೆಟ್ಟೆವು. ಬೆನ್ನ ಹಿಂದೆ ತೆಂಗಿನ ಸಾಲು, ಎದುರಿಗೆ ದಿಬ್ಬ, ಅದರಾಚೆ ಅಳಿವೆ, ಕಡಲು. ಗೊರವಗಳಿದ್ದವು. ದಿಬ್ಬದ ಬೆನ್ನಿನ ಮೇಲೆ ಎಲ್ಲವೂ ಗಾಳಿಗೆ ಮುಖ ಮಾಡಿ ನಿಂತಿದ್ದವು. ಅವುಗಳ ಸಂಗಡ ಕಡಲಕ್ಕಿಗಳೂ ಇದ್ದವು. ಚಳಿಗಾಲವೆಲ್ಲ ಬಿಳಿಯಿದ್ದ ತಲೆಗೆ ಈಗ ಕಾಫಿ ಬಣ್ಣ ಬಂದಿತ್ತು. ಮಾಷ್ಟ್ರು ದುರ್ಬೀನು ಹಿಡಿದು, ಎಡಗಣ್ಣು ಮುಚ್ಚಿ, ಕ್ಲಾಸಿನಲ್ಲಿ ಹಾಜರಿ ಕರೆಯುವವರಂತೆ ಒಂದೊಂದನ್ನೇ ನೋಡಿದರು. ಅವರ ಉಸಿರಿನ ಸದ್ದು ಮಾತ್ರ ಕೇಳುತ್ತಿತ್ತು, ಅಕ್ಕಿ ಗೇರಿದ ಹಾಗೆ. ಅವರನ್ನು ಅಷ್ಟು ನಿರಾಳವಾಗಿ ಆ ವರ್ಷ ನಾನು ನೋಡಿದ್ದು ಅಲ್ಲಿಯೇ.

ನೀರು ಏರತೊಡಗಿತು. ದಿಬ್ಬ ಎರಡೂ ಬದಿಯಿಂದ ಕಿರಿದಾಗುತ್ತ ಬಂತು. ಒಂದೆರಡು ಗೊರವ ರೆಕ್ಕೆ ಬಿಚ್ಚಿ ಮುಚ್ಚಿದವು, ಒಂದು ಕೂಗಿತು, ಇನ್ನೊಂದು ಓಗೊಟ್ಟಿತು. ಇವತ್ತೇ ಎಂದು ದೋಣಿಯವನು ಪಿಸುಗುಟ್ಟಿದ. ಮಾಷ್ಟ್ರು ತಲೆಯಾಡಿಸಿದರು.

ಆಗ ನಾನು ಕೆಳಗೆ ನೋಡಿದೆ. ದಿಬ್ಬವನ್ನು ಮುಳುಗಿಸುವ ನೀರು ನಮ್ಮ ಕಡೆಗೂ ಬರುತ್ತದೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ತೆಳ್ಳಗಿನ ಒಂದು ಅಲೆ ಹೊಯಿಗೆಯ ಮೇಲೆ ಹರಡಿ, ಕುರ್ಚಿಯ ಮುಂಗಾಲುಗಳಿಗೆ ಒಂದು ಗೇಣು ಇರುವಲ್ಲಿಗೆ ಬಂದು ಹಿಂದೆ ಸರಿಯಿತು. ಒದ್ದೆ ಹೊಯಿಗೆಯಲ್ಲಿ ಕುರ್ಚಿ ಕುಸಿದರೆ? ಮುಗ್ಗರಿಸಿದರೆ? ಆ ಬಾತ ಕಾಲಿಗೆ ತಣ್ಣೀರು ಸೋಕಿ ಶೀತ ಎದೆಗೆ ಏರಿದರೆ? ಮಗಳಿಗೆ ನಾನು ಏನೆಂದು ಹೇಳುವುದು?

ಹಿಂದೆ ಹೋಗೋಣ ಮಾಷ್ಟ್ರೆ ಎಂದೆ. ಬೇಡ ಎಂದರು, ಕಣ್ಣು ತೆಗೆಯದೆ. ಪಾದಕ್ಕಿಂತ ಮೇಲೆ ಬರುವ ನೀರಲ್ಲ ಇದು, ಅಷ್ಟಮಿಯ ಭರತ, ಎಂದು ದೋಣಿಯವನೂ ಹೇಳಿದ. ಆದರೆ ನಾನು ಆಗಲೇ ಕುರ್ಚಿಯ ಒಂದು ಕೈ ಹಿಡಿದು ಎತ್ತಿದ್ದೆ. ಒಂದೇ ಬದಿ ಎತ್ತಿದರೆ ಮಾಷ್ಟ್ರು ವಾಲುತ್ತಾರೆ. ಬೇರೆ ದಾರಿ ಕಾಣದೆ ಅವನು ಇನ್ನೊಂದು ಕೈ ಹಿಡಿದ. ಏರಿನಲ್ಲಿ ಹಿಮ್ಮುಖವಾಗಿ ನಡೆಯಲಾಗದೆಂದು ಕುರ್ಚಿಯನ್ನು ತೆಂಗಿನ ಕಡೆಗೆ ತಿರುಗಿಸಿ ಹೊತ್ತೆವು. ಹತ್ತು ಹೆಜ್ಜೆ ಇರಬಹುದು. ಹೆಚ್ಚೆಂದರೆ ಹನ್ನೆರಡು.

ಆರನೆಯದೋ ಏಳನೆಯದೋ ಹೆಜ್ಜೆಗೆ ಹಿಂದೆ ಕೂಗೆದ್ದಿತು. ಒಂದಲ್ಲ, ಎಲ್ಲವೂ ಒಟ್ಟಿಗೆ. ನಾವಿಬ್ಬರೂ ಕುರ್ಚಿ ಹಿಡಿದಂತೆಯೇ ಕತ್ತು ತಿರುಗಿಸಿದೆವು. ದಿಬ್ಬದಿಂದ ಇಡೀ ಹಿಂಡು ಎದ್ದಿತ್ತು. ತಗ್ಗಿನಲ್ಲಿ ಅಳಿವೆಯ ಮೇಲೆ ಒಂದು ಸುತ್ತು ಹೊಡೆದು, ಗುಂಪು ಬಿಚ್ಚಿ ಸಾಲಾಗಿ, ಸಾಲು ಓರೆಯಾಗಿ, ಕೂಗುತ್ತ ಕೂಗುತ್ತ ಮೇಲೇರಿ ಬಡಗು ದಿಕ್ಕಿಗೆ ಹೊರಟುಹೋಯಿತು. ನನ್ನ ಜನ್ಮದಲ್ಲಿ ಅಂಥದ್ದನ್ನು ಕಂಡಿರಲಿಲ್ಲ. ಕಾಣುತ್ತ ನಿಂತುಬಿಟ್ಟೆ. ಮಾಷ್ಟ್ರು ತೆಂಗಿನ ಬುಡಗಳನ್ನು ನೋಡುತ್ತ ಕೂತಿದ್ದಾರೆಂಬುದು ಆಮೇಲೆ ಹೊಳೆಯಿತು.

ಕುರ್ಚಿ ಇಳಿಸಿ ತಿರುಗಿಸಿದೆವು. ಅವಸರಕ್ಕೆ ಕಾಲು ಹೊಯಿಗೆಯಲ್ಲಿ ಹೂತು ಇನ್ನಷ್ಟು ತಡವಾಯಿತು. ಅವರು ದುರ್ಬೀನು ಎತ್ತಿದರು. ಇಗೊಳ್ಳಿ, ಅಲ್ಲಿ, ಆ ಮೇಲೆ, ಎಂದು ದೋಣಿಯವನು ತೋರಿಸಿದ. ಅವನ ಕಣ್ಣಿಗೆ ಇನ್ನೂ ಕಾಣುತ್ತಿತ್ತು, ನನಗೆ ಇಲ್ಲ. ಮಾಷ್ಟ್ರು ಸ್ವಲ್ಪ ಹೊತ್ತು ಹುಡುಕಿ, ದುರ್ಬೀನನ್ನು ತೊಡೆಯ ಮೇಲೆ ಇಳಿಸಿದರು.

"ಎಷ್ಟಿದ್ದೊ?" ಎಂದು ಕೇಳಿದರು.

"ನಲ್ವತ್ತರ ಹತ್ರ, ಮಾಷ್ಟ್ರೆ" ಎಂದ ದೋಣಿಯವನು.

ಸಾಲು ಕಟ್ಟಿದ್ದವೇ, ಮುಂದೆ ಎಷ್ಟಿದ್ದವು, ಸುತ್ತು ಹೊಡೆದದ್ದು ಎಡಕ್ಕೋ ಬಲಕ್ಕೋ ಎಂದು ಪಾಠ ಒಪ್ಪಿಸಿಕೊಳ್ಳುವವರಂತೆ ಒಂದೊಂದಾಗಿ ಕೇಳಿದರು. ನಾವು ಹೇಳಿದೆವು. ಕಣ್ಣು ಮುಚ್ಚಿ ಕೇಳಿಸಿಕೊಂಡರು.

ತಿರುಗಿಸಬಾರದಿತ್ತು ಮಾಷ್ಟ್ರೆ, ತಪ್ಪಾಯಿತು, ಎಂದೆ ನಾನು. ಅವರು ಕಣ್ಣು ತೆರೆದು ಮೊದಲು ನನ್ನನ್ನು, ಆಮೇಲೆ ತಮ್ಮ ಪಾದಗಳನ್ನು ನೋಡಿಕೊಂಡರು.

"ಕಾಲ್ ಒದ್ದೆ ಆಯ್ಲಿಲ್ಲ ಕಾಣ್, ಮಾರಾಯಾ" ಎಂದರು.

ದೋಣಿಯವನು ಕೆಳಗಿಳಿದು ಮೊದಲು ಕುರ್ಚಿ ಇದ್ದಲ್ಲಿಗೆ ಹೋಗಿ ನಿಂತ. ನಾನೂ ಹೋದೆ. ಹೊಯಿಗೆಯಲ್ಲಿ ಕುರ್ಚಿಯ ನಾಲ್ಕು ಕಾಲಿನ ಗುರುತು ಹಾಗೇ ಇತ್ತು. ನೀರು ಮುಂದಿನ ಎರಡರ ತನಕ ಬಂದು, ಒಂದನ್ನು ಅರ್ಧ ತುಂಬಿಸಿ, ಅಲ್ಲಿಗೇ ನಿಂತು ಇಳಿಯುತ್ತಿತ್ತು.